ಪೈಥಾನಿಗೆ ಕನ್ನಡ ಬರುತ್ತದೆ, ಬಾರದ್ದು ನಮಗೆ!

ಇಲ್ಲಿ ಏನಾದರೂ ಬರೆಯದೆ ತುಂಬ ದಿನಗಳಾದವು. ಕಲೋತ್ಸವ, ಪರೀಕ್ಷೆ, ಉತ್ತರ ಪತ್ರಿಕೆ, ಮತ್ತೆ ಪರೀಕ್ಷೆ... ಅಧ್ಯಾಪಕರ ಪಾಡು ನಿಮಗೆ ಗೊತ್ತಿದ್ದದ್ದೇ. ಇವತ್ತು ಪುರುಸೊತ್ತಾಗಿ ಕೂತದ್ದಲ್ಲ, ಹೊಟ್ಟೆ ಉರಿದು ಕೂತದ್ದು.

ಮೊದಲು ಸುದ್ದಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ನಮ್ಮ ಮಕ್ಕಳಿಗೆ ಹೊಸತಲ್ಲ. ಕೇರಳದ ಹೈಸ್ಕೂಲು ಐಸಿಟಿ ಪುಸ್ತಕದಲ್ಲಿ ಅದು ವರ್ಷಗಳಿಂದ ಇದೆ. ಆ ಪುಸ್ತಕ ಕನ್ನಡದಲ್ಲೂ ಅಚ್ಚಾಗಿದೆ. ಈ ಪೈಥಾನಿನ 3.14 ಆವೃತ್ತಿ 2025ರ ಅಕ್ಟೋಬರ್ 7ರಂದು ಬಿಡುಗಡೆಯಾಯಿತು. 3.14 ಎಂದ ಕೂಡಲೇ ನಮ್ಮ ಗಣಿತದ ಟೀಚರ್ "ಪೈ! ಪೈ!" ಎಂದು ಸಂಭ್ರಮಪಟ್ಟರು. ಇರಲಿ. ಬಲ್ಲವರೆಲ್ಲ ಬರೆದದ್ದು ವೇಗದ ವಿಚಾರ. ಇಷ್ಟು ವರ್ಷ ಪೈಥಾನ್ ಒಳಗೆ ಒಂದು ಬೀಗ ಇತ್ತು. ಕಂಪ್ಯೂಟರಿಗೆ ಎಂಟು ಕೈ ಇದ್ದರೂ ಒಂದು ಪ್ರೋಗ್ರಾಮಿನೊಳಗೆ ಒಂದು ಹೊತ್ತಿಗೆ ಒಂದೇ ಕೈ ಕೆಲಸ ಮಾಡಬೇಕು. ತರಗತಿಯಲ್ಲಿ ಎಂಟು ಮಕ್ಕಳನ್ನು ಬೋರ್ಡಿನ ಹತ್ತಿರ ಕರೆದು ಕೈಗೆ ಒಂದೇ ಸೀಮೆಸುಣ್ಣ ಕೊಟ್ಟ ಹಾಗೆ. ಈ ಬೀಗವಿಲ್ಲದ ಪೈಥಾನ್ 2024ರ 3.13ರಲ್ಲಿ ಪ್ರಯೋಗಕ್ಕೆ ಬಂತು. 3.14ರಲ್ಲಿ ಅದಕ್ಕೆ ಅಧಿಕೃತ ಬೆಂಬಲವೂ ಸಿಕ್ಕಿತು. ದೊಡ್ಡ ಸುದ್ದಿಯೇ ಹೌದು.

ಆದರೆ ನಮ್ಮ ಶಾಲೆಗೆ ಬೇಕಾದ ಸುದ್ದಿ ಅದಲ್ಲ. ಅದು ಸಣ್ಣ ಅಕ್ಷರದಲ್ಲಿತ್ತು. ಅದನ್ನು ಹೇಳುವ ಮೊದಲು ಹೊಟ್ಟೆ ಉರಿದದ್ದು ಯಾಕೆ ಎಂದು ಹೇಳಬೇಕು.

ಟಿಸಿ ಕೇಳಲು ಬಂದವರು

ಜೂನ್ ತಿಂಗಳಲ್ಲಿ ಗಡಿ ಶಾಲೆಯ ಅಧ್ಯಾಪಕರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಬೇರೆಯವರಿಗೆ ತಿಳಿಯದು. ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ನಾಲ್ಕು ಮಕ್ಕಳು ಕಮ್ಮಿಯಾದರೆ ಡಿವಿಷನ್ ಹೋಯಿತು. ಡಿವಿಷನ್ ಹೋದರೆ ಹುದ್ದೆ ಹೋಯಿತು. ಒಮ್ಮೆ ಹೋದ ಕನ್ನಡ ಹುದ್ದೆ ತಿರುಗಿ ಬರುವುದು ಸುಲಭವಿಲ್ಲ.

ಅಂಥ ಒಂದು ಜೂನ್‌ನಲ್ಲಿ ನಮ್ಮ ಹತ್ತಿರ ಒಬ್ಬರು ರಕ್ಷಕರು ಬಂದರು. ಒಳ್ಳೆಯ ಜನ. ಅವರೇ ಇದೇ ಶಾಲೆಯಲ್ಲಿ ಕಲಿತವರು. ಮಗನ ಟಿಸಿ ಬೇಕಂತೆ.

"ಮಾಷ್ಟ್ರೇ, ಬೇಜಾರು ಮಾಡ್ಬೇಡಿ. ಇಲ್ಲಿ ಎಲ್ಲ ಒಳ್ಳೇದೇ ಉಂಟು. ಆದ್ರೆ ಇನ್ನು ಎಲ್ಲ ಕಂಪ್ಯೂಟರ್ ಅಲ್ವಾ? ಕಂಪ್ಯೂಟರಿಗೆ ಕನ್ನಡ ಗೊತ್ತುಂಟಾ? ನಾಳೆ ಹುಡುಗ ಹಿಂದೆ ಬೀಳ್ಬಾರ್ದಲ್ಲ..."

ನಾವು ಏನು ಹೇಳಿದೆವು ಗೊತ್ತೇ? ಏನೂ ಹೇಳಲಿಲ್ಲ. ಮಾತೃಭಾಷೆ, ಸಂಸ್ಕೃತಿ, ಗಡಿನಾಡು ಎಂದು ಏನೋ ತೊದಲಿದೆವು. ಅವರು ಕೇಳಿದ್ದು ಸಂಸ್ಕೃತಿಯ ಪ್ರಶ್ನೆಯಲ್ಲ. ಕಂಪ್ಯೂಟರಿಗೆ ಕನ್ನಡ ಗೊತ್ತುಂಟಾ ಎಂಬ ನೇರ ಪ್ರಶ್ನೆ ಅದು. ಅದಕ್ಕೆ ನೇರ ಉತ್ತರವೂ ಇತ್ತು. ನಮಗೆ ಗೊತ್ತಿರಲಿಲ್ಲ ಅಷ್ಟೇ. ಹುಡುಗ ಹೋದ. ಆ ವರ್ಷ ಡಿವಿಷನ್ನೂ ಹೋಯಿತು.

ಟಿಸಿಎಚ್ ಮಾಡುವಾಗ ಕಂಪ್ಯೂಟರನ್ನು ಮುಟ್ಟಿಯೂ ನೋಡದಿದ್ದ ನಾವು ಆಮೇಲೆ ಹಟ ಹಿಡಿದು ಕಲಿತೆವು. ಕಲಿತ ಮೇಲೆ ತಿಳಿದದ್ದು ಇಷ್ಟು: ಆ ತಂದೆಗೆ ಯಾರೋ ಸುಳ್ಳು ಹೇಳಿದ್ದಾರೆ. ಅದು ಒಂದು ಸುಳ್ಳಲ್ಲ, ಮೂರು. ಒಂದೊಂದಾಗಿ ಬಿಚ್ಚೋಣ.

ಸುಳ್ಳು ಒಂದು: ಪ್ರೋಗ್ರಾಂ ಬರೆಯಲು ಇಂಗ್ಲಿಷ್ ಮಾಧ್ಯಮ ಬೇಕು

ಪೈಥಾನಿನಲ್ಲಿ ಎಷ್ಟು ಇಂಗ್ಲಿಷ್ ಪದಗಳನ್ನು ಕಡ್ಡಾಯವಾಗಿ ಕಲಿಯಬೇಕು ಎಂದು ಯಾರಾದರೂ ಎಣಿಸಿದ್ದೀರಾ? ಆ ಭಾಷೆ ತನಗೆಂದು ಕಾದಿರಿಸಿಕೊಂಡ ಪದಗಳು ಒಟ್ಟು 35. ನೂರಲ್ಲ, ಸಾವಿರವಲ್ಲ, ಮೂವತ್ತೈದು! ಅದರಲ್ಲಿ ಹೈಸ್ಕೂಲಿನ ಮಗುವಿಗೆ ಬೇಕಾದದ್ದು ಹದಿನೈದು ಇಪ್ಪತ್ತು. ಇಫ್, ಎಲ್ಸ್, ಫಾರ್, ವೈಲ್, ಇನ್, ಆಂಡ್, ಆರ್, ನಾಟ್, ಡೆಫ್, ರಿಟರ್ನ್, ಬ್ರೇಕ್, ಇಂಪೋರ್ಟ್... ಇವುಗಳಲ್ಲಿ 'ಡೆಫ್', 'ಎಲಿಫ್' ಎಂಬುವು ಇಂಗ್ಲಿಷ್ ನಿಘಂಟಿನಲ್ಲೂ ಈ ಅರ್ಥದಲ್ಲಿ ಇಲ್ಲ. ಇಂಗ್ಲಿಷ್ ಮಾಧ್ಯಮದ ಮಗುವೂ ಅವನ್ನು ಹೊಸದಾಗಿಯೇ ಕಲಿಯಬೇಕು.

ನಮ್ಮ ಮಕ್ಕಳ ಕಥೆ ನೋಡಿ. ಮನೆಯಲ್ಲಿ ತುಳು ಅಥವಾ ಮರಾಠಿ, ಕೊಂಕಣಿ, ಬ್ಯಾರಿ. ಶಾಲೆಯಲ್ಲಿ ಕನ್ನಡ. ಬಸ್ಸಿನಲ್ಲಿ, ಪಂಚಾಯತ್ ಆಫೀಸಿನಲ್ಲಿ ಮಲಯಾಳ. ಪುಸ್ತಕದಲ್ಲಿ ಹಿಂದಿ, ಇಂಗ್ಲಿಷ್. ಐದು ಭಾಷೆಗಳ ನಡುವೆ ಮೀನಿನ ಹಾಗೆ ಈಜುವ ಮಗುವಿಗೆ 20 ಪದ ಕಲಿಯುವುದು ಕಷ್ಟ ಎಂದು ಹೇಳುವವರಿಗೆ ಏನೆನ್ನೋಣ? ನಮ್ಮ ಮಕ್ಕಳು ಯಕ್ಷಗಾನದ ತಾಳಗಳ ಹೆಸರು, ಕ್ರಿಕೆಟಿನ ಶಾಟ್‌ಗಳ ಹೆಸರು, ಮೊಬೈಲಿನ ಎಲ್ಲ ಗುಂಡಿಗಳ ಹೆಸರು ಹೇಳಬಲ್ಲರು. 'ಇಫ್' ಎಂದರೆ 'ಆದರೆ' ಎಂದು ತಿಳಿಯಲು ಕಾನ್ವೆಂಟಿಗೆ ಹೋಗಬೇಕೇ?

ಇನ್ನೊಂದು ಮಾತು. ಪೈಥಾನನ್ನು ಹುಟ್ಟಿಸಿದವರು ಇಂಗ್ಲಿಷರಲ್ಲ. ಗೀಡೊ ವಾನ್ ರೊಸಮ್ ಎಂಬ ಡಚ್ಚರು. ಆಮ್‌ಸ್ಟರ್‌ಡಾಮಿನ ಸಂಶೋಧನಾ ಕೇಂದ್ರವೊಂದರಲ್ಲಿದ್ದಾಗ, 1989ರ ಕ್ರಿಸ್‌ಮಸ್ ರಜೆಯಲ್ಲಿ ಶುರು ಮಾಡಿ, 1991ರಲ್ಲಿ ಲೋಕಕ್ಕೆ ಕೊಟ್ಟರು. ಹಾವಿಗೂ ಈ ಹೆಸರಿಗೂ ಸಂಬಂಧವಿಲ್ಲ. ಟಿವಿಯ ಒಂದು ಹಾಸ್ಯ ತಂಡದ ಮೇಲಿನ ಪ್ರೀತಿಗೆ ಇಟ್ಟ ಹೆಸರು. ಡಚ್ಚನ್ನು ಮಾತೃಭಾಷೆಯಾಗಿ ಉಳ್ಳವರು ಲೋಕಕ್ಕೆಲ್ಲ ಭಾಷೆ ಕಟ್ಟಿ ಕೊಡಬಹುದು, ಕನ್ನಡದ ಮಗು ಅದನ್ನು ಕಲಿಯಲಾಗದು! ಇದು ಯಾವ ನ್ಯಾಯ?

ಸುಳ್ಳು ಎರಡು: ಪ್ರೋಗ್ರಾಮಿನೊಳಗೆ ಕನ್ನಡ ಬರೆಯಲಾಗದು

ಇದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಇದನ್ನು ಹೇಳುವವರಲ್ಲಿ ಕಂಪ್ಯೂಟರ್ ಕಲಿಸುವವರೂ ಇದ್ದಾರೆ ಎಂಬುದೇ ಬೇಸರ.

ಪೈಥಾನಿನಲ್ಲಿ ದೊಡ್ಡ ಬದಲಾವಣೆ ಬೇಕಿದ್ದರೆ 'ಪೆಪ್' ಎಂಬ ಅರ್ಜಿ ಬರೆಯಬೇಕು. 2007ರಲ್ಲಿ ಮಾರ್ಟಿನ್ ಫಾನ್ ಲೋವಿಸ್ ಎಂಬ ಜರ್ಮನರು ಪೆಪ್ 3131 ಎಂಬ ಅರ್ಜಿ ಬರೆದರು. ಅದರ ಸಾರ ಇಷ್ಟೇ: ಲೋಕದಲ್ಲಿ ಇಂಗ್ಲಿಷ್ ಬಾರದವರು, ಆ ಲಿಪಿಯೇ ಸರಿಯಾಗಿ ಬಾರದವರು ತುಂಬ ಜನ ಇದ್ದಾರೆ, ತಮ್ಮ ಪ್ರೋಗ್ರಾಮಿನ ಹೆಸರುಗಳನ್ನು ಅವರು ತಮ್ಮ ಲಿಪಿಯಲ್ಲೇ ಬರೆಯುವಂತಾಗಲಿ. ಅರ್ಜಿ ಮಂಜೂರಾಯಿತು. 2008ರ ಡಿಸೆಂಬರಿನಲ್ಲಿ ಪೈಥಾನ್ 3.0 ಬಂದಾಗ ಅದು ಜಾರಿಗೂ ಬಂತು. ಅಂದರೆ 2008ರಿಂದಲೇ ಪೈಥಾನಿಗೆ ಕನ್ನಡ ಗೊತ್ತುಂಟು! ಆ ತಂದೆ ನಮ್ಮ ಎದುರು ನಿಂತು ಕೇಳಿದಾಗ ಉತ್ತರ ಹುಟ್ಟಿ ಎಷ್ಟೋ ವರ್ಷ ಆಗಿತ್ತು.

ನಮ್ಮ ಮಕ್ಕಳು ಮಾಡಿದ್ದನ್ನು ಹೇಳುತ್ತೇವೆ. 'ಅಂಕ' ಎಂದು ಕನ್ನಡದಲ್ಲೇ ಹೆಸರು ಬರೆದು, ಸಮ ಚಿಹ್ನೆ ಹಾಕಿ, 42 ಎಂದು ಕೊಟ್ಟರು. ಕೆಳಗೆ 'ಒಟ್ಟು_ಅಂಕ', 'ಸರಾಸರಿ', 'ವಿದ್ಯಾರ್ಥಿ' ಎಲ್ಲ ಕನ್ನಡದಲ್ಲೇ. ಓಡಿಸಿದರು, ಓಡಿತು. ಎಂಟನೇ ತರಗತಿಯ ಒಬ್ಬಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಮೊದಲ ಸಾಲಿನಲ್ಲಿ 'ಬರೆ' ಎಂಬ ಹೆಸರಿಗೆ ಪ್ರಿಂಟ್ ಫಂಕ್ಷನನ್ನು ಸಮ ಹಾಕಿದಳು. ಆಮೇಲೆ ಪ್ರೋಗ್ರಾಮಿನ ಉದ್ದಕ್ಕೂ 'ಬರೆ' ಎಂದರೆ ಕಂಪ್ಯೂಟರ್ ಬರೆಯುತ್ತದೆ! ಫಂಕ್ಷನ್ ಕೂಡ ಒಂದು ವಸ್ತು, ಅದಕ್ಕೆ ಎರಡನೇ ಹೆಸರು ಇಡಬಹುದು ಎಂಬುದು ದೊಡ್ಡ ಪಾಠ. ಅದು ಅವಳಿಗೆ ಕನ್ನಡದ ಆಸೆಯಿಂದ ಸಿಕ್ಕಿತು. ಇಂಗ್ಲಿಷಿನಲ್ಲೇ ಕಲಿಸಿದ್ದರೆ ಆ ಆಸೆಯೇ ಹುಟ್ಟುತ್ತಿರಲಿಲ್ಲ.

ಕನ್ನಡ ಅಂಕೆಗಳ ವಿಚಾರ ಇನ್ನೂ ಸ್ವಾರಸ್ಯ. ಉದ್ಧರಣ ಚಿಹ್ನೆಯೊಳಗೆ ೨೦೨೫ ಎಂದು ಕನ್ನಡದಲ್ಲಿ ಬರೆದು 'ಇಂಟ್' ಎಂಬ ಫಂಕ್ಷನಿಗೆ ಕೊಡಿ. 2025 ಎಂಬ ಸಂಖ್ಯೆಯಾಗಿ ತಿರುಗಿ ಕೊಡುತ್ತದೆ. ಕೂಡಬಹುದು, ಗುಣಿಸಬಹುದು. ನಾವೇ ಮರೆಯುತ್ತಾ ಬಂದ ಕನ್ನಡ ಅಂಕೆ ಪೈಥಾನಿಗೆ ಬಾಯಿಪಾಠ! ನೇರವಾಗಿ ಪ್ರೋಗ್ರಾಮಿನಲ್ಲಿ ಬರೆದರೆ ಮಾತ್ರ ತಪ್ಪು ಎನ್ನುತ್ತದೆ. ಅಷ್ಟನ್ನು ಹೇಳಿಕೊಟ್ಟರೆ ಸಾಕು.

ತೊಡಕೇ ಇಲ್ಲವೇ? ಇದೆ. ಮುಚ್ಚಿಡುವುದು ಯಾಕೆ? 'ಬಸ್‌ಗಳು' ಎಂದು ಹೆಸರಿಟ್ಟರೆ ಪೈಥಾನ್ ಒಪ್ಪುವುದಿಲ್ಲ. ಸ್ ಕೆಳಗೆ ಗ ಒತ್ತು ಬಾರದಿರಲಿ ಎಂದು ನಾವು ಟೈಪ್ ಮಾಡುವಾಗ ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವಲ್ಲ, ಹೆಸರಿನೊಳಗೆ ಅದು ಬರಬಾರದು. 'ಬಸ್ಸುಗಳು' ಎಂದು ಬರೆಯಿರಿ, ಸುಮ್ಮನೆ ಓಡುತ್ತದೆ. ನಮ್ಮ ಹಿರಿಯರು ಬಸ್ಸು, ಕಾರು, ಬ್ಯಾಂಕು ಎಂದು ಎಲ್ಲವನ್ನೂ ಸ್ವರಾಂತ ಮಾಡಿ ಹೇಳುತ್ತಿದ್ದರು. ಪೈಥಾನಿಗೂ ಅದೇ ಇಷ್ಟ ಎಂದಾಯಿತು! ಟರ್ಮಿನಲ್ ಕಿಟಕಿಯಲ್ಲಿ ಒತ್ತಕ್ಷರ ಒಡೆದು ಕಾಣುವುದೂ ಉಂಟು. ನೋಡಲು ಚಂದವಿಲ್ಲ, ಆದರೆ ಲೆಕ್ಕ ತಪ್ಪುವುದಿಲ್ಲ. ಇನ್ನು ನುಡಿಯ ಹಳೆಯ ಫಾಂಟಿನಲ್ಲಿ ಹೊಡೆದದ್ದು ನಡೆಯದು. ಅದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಯೂನಿಕೋಡ್ ಬೇಕು. ನಮ್ಮ ಶಾಲೆಗಳ ಲಿನಕ್ಸಿನಲ್ಲಿ ಅದು ಹೇಗೂ ಇದೆ.

ಮತ್ತೊಂದು ಪ್ರಯೋಗ ಮಾಡಿ ನೋಡಿ. 'ಕಾಸರಗೋಡು' ಎಂಬಲ್ಲಿ ಎಷ್ಟು ಅಕ್ಷರ ಎಂದು ಮಕ್ಕಳಲ್ಲಿ ಕೇಳಿ. ಐದು ಎನ್ನುತ್ತಾರೆ. ಪೈಥಾನಿನ 'ಲೆನ್' ಫಂಕ್ಷನಿನಲ್ಲಿ ಕೇಳಿ. ಎಂಟು ಎನ್ನುತ್ತದೆ! ತರಗತಿಯಲ್ಲಿ ಗಲಾಟೆ ಏಳುತ್ತದೆ. ಯಾರು ಸರಿ? ಇಬ್ಬರೂ ಸರಿ. ಮಗು ಎಣಿಸಿದ್ದು ಅಕ್ಷರ; ಪೈಥಾನ್ ಕ, ಸ, ರ, ಗ, ಡ ಎಂಬ ಐದರ ಜೊತೆ ಇಳಿ, ಓತ್ವ, ಕೊಂಬು ಎಂಬ ಮೂರು ಚಿಹ್ನೆಗಳನ್ನೂ ಬೇರೆಯಾಗಿ ಎಣಿಸಿತು. ಅದೇ ಪದವನ್ನು ತಿರುಗಿಸಿ ಬರೆಯಲು ಹೇಳಿದರೆ ಕೊಂಬು ಎದುರಿಗೆ ಒಂಟಿಯಾಗಿ ನಿಂತು ಅದರ ಹಿಂದೆ 'ಡೋಗರಸಾಕ' ಎಂದು ಬರುತ್ತದೆ. ಡು ಬಿಟ್ಟ ಕೊಂಬು, ಗ ಬಿಟ್ಟು ಡಕ್ಕೆ ಅಂಟಿದ ಓತ್ವ! ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಆದರೆ ಯೂನಿಕೋಡ್ ಎಂದರೇನು ಎಂದು ಅವರಿಗೆ ಜನ್ಮದಲ್ಲಿ ಮರೆಯುವುದಿಲ್ಲ. ಇಂಗ್ಲಿಷ್ ಪದವನ್ನು ಎಣಿಸುತ್ತಾ ಕೂತ ಮಗುವಿಗೆ ಈ ಪಾಠ ಸಿಗುವ ಸಂದರ್ಭವೇ ಬಾರದು. ಹೇಳಿ, ಇಲ್ಲಿ ಹಿಂದೆ ಬಿದ್ದವರು ಯಾರು?

ಸುಳ್ಳು ಮೂರು: ತಪ್ಪಾದರೆ ಇಂಗ್ಲಿಷಿನಲ್ಲಿ ಬೈಯುತ್ತದೆ, ಮಗುವಿಗೆ ತಿಳಿಯುವುದಿಲ್ಲ

ಇದು ಅರ್ಧ ಸತ್ಯ. ಅರ್ಧ ಸತ್ಯವನ್ನು ಗೌರವದಿಂದಲೇ ಉತ್ತರಿಸಬೇಕು.

ಹೌದು, ಪೈಥಾನಿನ ದೋಷ ಸಂದೇಶಗಳು ಇಂಗ್ಲಿಷಿನಲ್ಲೇ ಬರುತ್ತವೆ. ಆದರೆ ನಾವು ಆರಂಭದಲ್ಲಿ ಹೇಳಿದ ಸಣ್ಣ ಅಕ್ಷರದ ಸುದ್ದಿ ಇರುವುದು ಇಲ್ಲಿಯೇ. ಮೊದಲೆಲ್ಲ ಎಲ್ಲಿ ಏನು ತಪ್ಪಿದರೂ "ವ್ಯಾಕರಣ ದೋಷ" ಎಂದು ಒಂದೇ ಮಾತು ಹೇಳಿ ಸುಮ್ಮನಾಗುತ್ತಿತ್ತು. ಕೆಂಪು ಗೆರೆ ಎಳೆದು ಬಿಡುವ ಮಾಷ್ಟ್ರ ಹಾಗೆ! ಆವರಣ ಚಿಹ್ನೆ ಮುಚ್ಚದಿದ್ದರೆ ತಪ್ಪನ್ನು ಮುಂದಿನ ಸಾಲಿನಲ್ಲಿ ತೋರಿಸುತ್ತಿತ್ತು. ಮಗು ಸರಿಯಾದ ಸಾಲನ್ನು ಅರ್ಧ ಗಂಟೆ ನೋಡುತ್ತಾ ಕೂರಬೇಕಿತ್ತು. 2021ರಲ್ಲಿ ಬಂದ 3.10ರಿಂದ ಇದು ಬದಲಾಯಿತು. ಆವರಣ ತೆರೆದು ಮುಚ್ಚಿಲ್ಲ, ಇಲ್ಲಿ ಕೋಲನ್ ಬೇಕಿತ್ತು ಎಂದು ಜಾಗ ತೋರಿಸಿ ಹೇಳುತ್ತದೆ. ಹೆಸರಿನ ಅಕ್ಷರ ತಪ್ಪಿದರೆ, ನೀನು ಹೇಳಲು ಹೊರಟದ್ದು ಇದನ್ನೇ ಎಂದು ಕೇಳುತ್ತದೆ. 2022ರ 3.11ರಲ್ಲಿ ಸಾಲಿನ ಯಾವ ತುಂಡಿನಲ್ಲಿ ತಪ್ಪು ಎಂದು ಅಡಿಗೆರೆ ಎಳೆಯುವುದು ಬಂತು. 3.13ರಲ್ಲಿ ಬಣ್ಣ ಬಂತು. 3.14ರಲ್ಲಿ 'ವೈಲ್' ಎಂಬ ಪದವನ್ನೇ ಒಂದಕ್ಷರ ಹೆಚ್ಚು ಬರೆದರೂ ಸರಿಯಾದದ್ದನ್ನು ಸೂಚಿಸುತ್ತದೆ.

ಗಮನಿಸಿ, ಅಡಿಗೆರೆಗೆ ಇಂಗ್ಲಿಷ್ ಬೇಡ. ಬಣ್ಣಕ್ಕೆ ಇಂಗ್ಲಿಷ್ ಬೇಡ. ಉಳಿದ ಮಾತುಗಳಲ್ಲಿ ಶಾಲೆಯಲ್ಲಿ ಪದೇ ಪದೇ ಬರುವುದು ಹತ್ತೋ ಹನ್ನೆರಡೋ. ಅವನ್ನು ದೊಡ್ಡ ಚಾರ್ಟಿನಲ್ಲಿ ಬರೆದು ಪಕ್ಕದಲ್ಲಿ ಕನ್ನಡ ಅರ್ಥ ಬರೆದು ಕಂಪ್ಯೂಟರ್ ಲ್ಯಾಬಿನ ಗೋಡೆಗೆ ಅಂಟಿಸಿದ್ದೇವೆ. 'ನೇಮ್ ಎರರ್: ಆ ಹೆಸರಿನವರು ಇಲ್ಲಿ ಯಾರೂ ಇಲ್ಲ.' 'ಇಂಡೆಂಟೇಶನ್ ಎರರ್: ಸಾಲು ಸರಿಯಾಗಿ ಒಳಗೆ ಸರಿದಿಲ್ಲ.' 'ಟೈಪ್ ಎರರ್: ಅಕ್ಕಿಗೂ ಅಂಕಕ್ಕೂ ಕೂಡಿಸಿದ್ದೀಯ.' ಹದಿನೈದು ದಿನಗಳಲ್ಲಿ ಮಕ್ಕಳು ಚಾರ್ಟು ನೋಡುವುದನ್ನೇ ಬಿಟ್ಟರು. ರಸ್ತೆ ಬದಿಯ ಸೂಚನಾ ಫಲಕ ಓದಲು ಯಾರೂ ಇಂಗ್ಲಿಷ್ ಎಂ.ಎ. ಮಾಡುವುದಿಲ್ಲವಲ್ಲ!

ಇನ್ನು ನಮ್ಮ ಸರದಿ

ಇಷ್ಟು ಹೊತ್ತು ಬೇರೆಯವರನ್ನು ಬೈದದ್ದಾಯಿತು. ಬೈಸಿಕೊಳ್ಳಲು ನಾವೂ ತಯಾರಾಗಬೇಕು.

ಪೈಥಾನಿನ ಅಧಿಕೃತ ಕೈಪಿಡಿಯ ಪುಟ ತೆರೆದರೆ ಮೇಲೆ ಭಾಷೆ ಆರಿಸಲು ಒಂದು ಪಟ್ಟಿ ಇದೆ. ಜಪಾನಿ, ಕೊರಿಯನ್, ಫ್ರೆಂಚ್, ಸ್ಪ್ಯಾನಿಷ್, ಚೀನಿ, ತುರ್ಕಿ, ಪೋಲಿಷ್... ಕನ್ನಡ ಇಲ್ಲ. ಯಾರಾದರೂ ತಡೆದರೇ? ಇಲ್ಲ! 2017ರಲ್ಲೇ ಪೆಪ್ 545 ಎಂಬ ನಿಯಮ ಮಾಡಿ ಯಾವ ಭಾಷೆಯವರು ಬೇಕಾದರೂ ಬನ್ನಿ ಎಂದು ಬಾಗಿಲು ತೆರೆದಿದ್ದಾರೆ. ಆ ಪಟ್ಟಿಗೆ ಹೆಸರು ಸೇರಲು ಇಡೀ ಕೈಪಿಡಿ ಅನುವಾದವಾಗಬೇಕೆಂದೂ ಇಲ್ಲ. ಆರಂಭಿಕ ಪಾಠಮಾಲೆ, ದೋಷ ವರದಿ ಮಾಡುವ ಬಗೆ ಹೇಳುವ ಒಂದು ಪುಟ, ಮೂಲ ಫಂಕ್ಷನ್‌ಗಳ ಒಂದು ಪುಟ, ಇಷ್ಟು ಪೂರ್ತಿಯಾದರೆ ಸಾಕು. ಬೇರೆ ಭಾಷೆಯವರು ತಮ್ಮ ಭಾಷೆಯನ್ನು ಆ ಪಟ್ಟಿಗೆ ಸೇರಿಸಿಕೊಂಡಿದ್ದಾರೆ. ನಾವು ನವೆಂಬರ್ ಒಂದರಂದು ಭುವನೇಶ್ವರಿಯ ಪಟಕ್ಕೆ ಹಾರ ಹಾಕಿ, ಭಾಷಣ ಕೇಳಿ, ಉಪ್ಪಿಟ್ಟು ತಿಂದು ಮನೆಗೆ ಹೋಗುತ್ತೇವೆ.

ಈ ಕೈಪಿಡಿಯನ್ನೂ ಪೈಥಾನನ್ನೂ ನೋಡಿಕೊಳ್ಳುವ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ದೊಡ್ಡ ಕಂಪೆನಿ ಎಂದು ತಿಳಿದವರಿದ್ದಾರೆ. 2025ರಲ್ಲಿ ಅದರ ಸಂಬಳದ ನೌಕರರು ಬರೀ 14 ಜನ. ಉಳಿದದ್ದೆಲ್ಲ ಸ್ವಯಂಸೇವಕರದೇ ದುಡಿಮೆ. ಹಣದ ಅಡಚಣೆಯಿಂದ 2025ರ ಆಗಸ್ಟಿನಲ್ಲಿ ಲೋಕದ ನಾನಾ ಕಡೆಯ ಕಾರ್ಯಾಗಾರಗಳಿಗೆ ಕೊಡುತ್ತಿದ್ದ ಸಹಾಯಧನವನ್ನು ನಿಲ್ಲಿಸಬೇಕಾಯಿತು. ಅದೇ ಅಕ್ಟೋಬರಿನಲ್ಲಿ ಅಮೆರಿಕ ಸರಕಾರದ ವಿಜ್ಞಾನ ನಿಧಿಯಿಂದ ಬರಲಿದ್ದ 15 ಲಕ್ಷ ಡಾಲರುಗಳನ್ನು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 13 ಕೋಟಿ ರೂಪಾಯಿಗಳನ್ನು, ಬೇಡ ಎಂದು ಬಿಟ್ಟುಕೊಟ್ಟಿತು. ಯಾಕೆ? ಹಿಂದುಳಿದವರನ್ನು, ಹೊರಗೆ ನಿಂತವರನ್ನು ಒಳಗೆ ಕರೆತರುವ ಕಾರ್ಯಕ್ರಮಗಳನ್ನು ನಡೆಸಬಾರದು ಎಂಬ ಶರತ್ತು ಅದಕ್ಕಿತ್ತು. ಎಲ್ಲರೂ ಒಳಗೆ ಬರಬೇಕು ಎಂಬುದೇ ನಮ್ಮ ಉದ್ದೇಶ, ಅದನ್ನು ಬಿಟ್ಟು ಹಣ ಬೇಡ ಎಂದರು. ಅವರ ರಾಜಕೀಯ ನಮಗೆ ಬೇಡ. ನಾವು ನೋಡಬೇಕಾದದ್ದು ಇಷ್ಟೇ: ಅವರು 13 ಕೋಟಿ ಬಿಟ್ಟು ಬಾಗಿಲು ತೆರೆದಿಟ್ಟರು, ನಾವು ಹೊಸ್ತಿಲು ದಾಟಲೂ ಇಲ್ಲ.

ನೆರೆಯವರನ್ನು ನೋಡಿ. ತಮಿಳರು 'ಎಳಿಲ್' ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೇ ಮಾಡಿದರು. ಅದರ ಎಲ್ಲ ಆಜ್ಞೆಗಳೂ ತಮಿಳಿನಲ್ಲಿ, ಕಟ್ಟಿದ್ದು ಪೈಥಾನಿನ ಮೇಲೆ. ಮಲಯಾಳದವರು 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಎಂಬ ಬಳಗ ಕಟ್ಟಿ ಫಾಂಟ್ ಮಾಡಿದರು, ತಂತ್ರಾಂಶಗಳನ್ನು ಮಲಯಾಳಕ್ಕೆ ತಂದರು. ನೆದರ್‌ಲ್ಯಾಂಡ್ಸಿನ ಫೆಲೀನ್ ಹೆರ್ಮಾನ್ಸ್ ಎಂಬ ಪ್ರಾಧ್ಯಾಪಕಿ 2020ರಲ್ಲಿ ಮಕ್ಕಳಿಗಾಗಿ 'ಹೆಡಿ' ಎಂಬ ಭಾಷೆ ಮಾಡಿದರು. ಮಗು ಮೊದಲು ತನ್ನ ಭಾಷೆಯ ಪದಗಳಲ್ಲೇ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಪೈಥಾನಿಗೆ ಏರಬಹುದು. ಅರಬ್ಬಿ ಮಕ್ಕಳು ಬಲದಿಂದ ಎಡಕ್ಕೆ ತಮ್ಮ ಲಿಪಿಯಲ್ಲೇ ಬರೆಯುತ್ತಾರೆ. ಮಗುವಿನ ಭಾಷೆ ಕಲಿಕೆಗೆ ಅಡ್ಡಿ ಎಂದು ಈ ಯಾರೂ ಹೇಳಲಿಲ್ಲ. ಹೇಳುವವರು ನಮ್ಮಲ್ಲಿ ಮಾತ್ರ!

ಅಧಿಕಾರದಲ್ಲಿರುವವರಿಗೂ ಒಂದು ಮಾತು. ಕನ್ನಡ ಪುಸ್ತಕ ಕೊಟ್ಟಿರಿ, ಸಂತೋಷ. 2018ರಿಂದ 'ಲಿಟಲ್ ಕೈಟ್ಸ್' ಬಂತು, ಇನ್ನೂ ಸಂತೋಷ. ಆದರೆ ಅಧ್ಯಾಪಕರ ತರಬೇತಿಯಲ್ಲಿ ನಾವು ಕೂತದ್ದು ಹೇಗೆ ಗೊತ್ತೇ? ಇಡೀ ದಿನ ಮಲಯಾಳದಲ್ಲಿ. ನಾವು ಕೈ ಎತ್ತಿ, ಸರ್, ಕನ್ನಡದಲ್ಲಿ ಒಂದು ಟಿಪ್ಪಣಿ ಸಿಗಬಹುದೇ ಎಂದೆವು. "ಎಲ್ಲರಿಗೂ ಅರ್ಥ ಆಗ್ತದಲ್ಲ" ಎಂದು ಉತ್ತರ ಬಂತು. ಹೌದು, ನಮಗೆ ಅರ್ಥ ಆಗುತ್ತದೆ. ಗಡಿನಾಡಿನವರಿಗೆ ಎಲ್ಲ ಭಾಷೆಯೂ ಅರ್ಥ ಆಗುತ್ತದೆ. ಅದನ್ನೇ ನಮಗೆ ಶಿಕ್ಷೆ ಮಾಡಬೇಡಿ. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿ, ಮಗು 'ವೈಲ್' ಲೂಪ್ ಎಂದರೇನು ಎಂದು ಕೇಳಿದಾಗ ಅಧ್ಯಾಪಕರೂ ಮಗುವೂ ಮುಖ ಮುಖ ನೋಡುವಂತೆ ಮಾಡಿದರೆ ಅದಕ್ಕೆ ಪೈಥಾನ್ ಹೊಣೆಯಲ್ಲ, ಕನ್ನಡವೂ ಹೊಣೆಯಲ್ಲ.

ಎದುರು ವಾದಗಳು

"ಕೆಲಸಕ್ಕೆ ಹೋದ ಮೇಲೆ ಯಾರು ಕನ್ನಡದಲ್ಲಿ ಹೆಸರಿಡುತ್ತಾರೆ?" ಯಾರೂ ಇಡುವುದಿಲ್ಲ, ಒಪ್ಪಿದೆವು. ನಾಲ್ಕು ದೇಶದವರು ಸೇರಿ ಬರೆಯುವಲ್ಲಿ ಇಂಗ್ಲಿಷೇ ನಡೆಯುವುದು. ಪೈಥಾನಿನ ಸ್ವಂತ ಗ್ರಂಥಾಲಯದ ಒಳಗೂ ಇಂಗ್ಲಿಷ್ ಅಕ್ಷರದ ಹೆಸರುಗಳೇ ಎಂಬ ನಿಯಮವಿದೆ. ಆದರೆ ನಾವು ಮಾತಾಡುತ್ತಿರುವುದು ಕಲಿಯುವ ಮಗುವಿನ ವಿಚಾರ. ಈಜು ಕಲಿಯುವ ಮಗುವನ್ನು ಮೊದಲ ದಿನವೇ ಕಡಲಿಗೆ ಎಸೆಯುತ್ತೀರಾ? ಮನೆಯ ಹತ್ತಿರದ ಕೆರೆಯಲ್ಲಿ ಕೈಕಾಲು ಬಡಿಯಲಿ. 'ಸರಾಸರಿ' ಎಂದರೇನು ಎಂದು ಲೆಕ್ಕ ಹಾಕಿ ತಿಳಿದ ಮಗು ಅದನ್ನು ನಾಳೆ ಇಂಗ್ಲಿಷಿನಲ್ಲಿ ಬರೆಯಲು ಎರಡು ನಿಮಿಷ ಸಾಕು. ಲೆಕ್ಕವೇ ತಿಳಿಯದೆ 'ಆವರೇಜ್' ಎಂದು ಉರು ಹೊಡೆದ ಮಗು ಎಲ್ಲಿಯೂ ಸಲ್ಲದು.

"ಇನ್ನು ಎಲ್ಲ ಎಐ ಬರೆಯುತ್ತದೆ, ಕಲಿಯುವುದು ಯಾಕೆ?" ಕ್ಯಾಲ್ಕುಲೇಟರ್ ಬಂದಾಗ ಮಗ್ಗಿ ಬಿಟ್ಟೆವೇ? ಯಂತ್ರ ಬರೆದದ್ದು ಸರಿಯೋ ತಪ್ಪೋ ಎಂದು ನೋಡುವವರು ಬೇಡವೇ? ಅಲ್ಲದೆ ಎಐ ಯಂತ್ರಗಳಿಗೆ ಕನ್ನಡದಲ್ಲೇ ಪ್ರಶ್ನೆ ಕೇಳಬಹುದು. ಹಾಗಾದರೆ ಇಂಗ್ಲಿಷ್ ಮಾಧ್ಯಮ ಬೇಕೆಂಬ ವಾದ ಅಲ್ಲಿಯೂ ಬಿತ್ತಲ್ಲ!

ಏನು ಮಾಡೋಣ?

ಬೈದು ಮುಗಿಸಿದರೆ ಪ್ರಯೋಜನವಿಲ್ಲ. ಮೂರು ಕೆಲಸ ಹೇಳುತ್ತೇವೆ.

ಒಂದು, ಐಸಿಟಿ ತರಗತಿಯಲ್ಲಿ ಮೊದಲ ತಿಂಗಳು ಎಲ್ಲ ಹೆಸರುಗಳನ್ನೂ ಕನ್ನಡದಲ್ಲೇ ಬರೆಸಿ. ಕನ್ನಡ ಟೈಪಿಂಗೂ ಬರುತ್ತದೆ, ಪ್ರೋಗ್ರಾಮೂ ಬರುತ್ತದೆ. ನಮ್ಮ ಕೈಟ್ ಲಿನಕ್ಸ್ ಉಬುಂಟು 22.04ರ ಮೇಲೆ ನಿಂತದ್ದು, ಅದರಲ್ಲಿರುವುದು ಪೈಥಾನ್ 3.10. ಮೇಲೆ ಹೇಳಿದ ಒಳ್ಳೆಯ ದೋಷ ಸಂದೇಶಗಳ ಮೊದಲ ಕಂತು ಅದರಲ್ಲೇ ಇದೆ. ಹೊಸ ಯಂತ್ರಕ್ಕೆ ಕಾಯಬೇಕಾಗಿಲ್ಲ. ಅಕ್ಕಲಕೋಟೆ, ಜತ್ತ, ಆದೋನಿ, ತಾಳವಾಡಿ ಕಡೆಯ ಬಂಧುಗಳೇ, ನಿಮ್ಮ ಶಾಲೆಯಲ್ಲಿ ವಿಂಡೋಸ್ 7ರ ಹಳೆಯ ಕಂಪ್ಯೂಟರ್ ಉಳಿದಿದ್ದರೆ ಅದಕ್ಕೆ ಪೈಥಾನ್ 3.8ರ ಮೇಲಿನದು ಹತ್ತುವುದಿಲ್ಲ, 3.8ರ ಅವಧಿಯೂ 2024ರಲ್ಲಿ ಮುಗಿಯಿತು. ಅದೇ ಯಂತ್ರಕ್ಕೆ ಹಗುರವಾದ ಒಂದು ಲಿನಕ್ಸ್ ಹಾಕಿ. ದುಡ್ಡು ಕೊಡಬೇಕಾಗಿಲ್ಲ.

ಎರಡು, ದೋಷ ಸಂದೇಶಗಳ ಕನ್ನಡ ಚಾರ್ಟು. ಒಂದು ಡ್ರಾಯಿಂಗ್ ಶೀಟು, ಎರಡು ಸ್ಕೆಚ್ ಪೆನ್ನು. ಮಕ್ಕಳೇ ಬರೆಯಲಿ.

ಮೂರು, ಆ ಪಟ್ಟಿಯಲ್ಲಿ ಕನ್ನಡ ಬರಬೇಕು. ಪೈಥಾನಿನ ಆರಂಭಿಕ ಪಾಠಮಾಲೆಯಲ್ಲಿ ಇರುವುದು 16 ಅಧ್ಯಾಯ. ಕೆಲವು ಅಧ್ಯಾಯ ಎರಡೇ ಪುಟ. ಎಂಟು ಜನ ಅಧ್ಯಾಪಕರು ತಲಾ ಎರಡು ಹಂಚಿಕೊಂಡರೆ ಒಂದು ಬೇಸಿಗೆ ರಜೆಯ ಕೆಲಸ. ಬಿ.ಎ. ಮಾಡಿದ ನಮಗೆ ಆಗುತ್ತದೆಂದರೆ ಬಿ.ಎಸ್ಸಿ., ಎಂ.ಸಿ.ಎ. ಮಾಡಿದ ನಮ್ಮ ಹಳೆ ವಿದ್ಯಾರ್ಥಿಗಳಿಗೆ ಆಗದೇ? ಬೆಂಗಳೂರಿನ ಕಂಪೆನಿಗಳಲ್ಲಿ ಕೂತು ದಿನವಿಡೀ ಪೈಥಾನ್ ಬರೆಯುವವರಲ್ಲಿ ಗಡಿನಾಡಿನ ಕನ್ನಡ ಶಾಲೆಯಲ್ಲಿ ಕಲಿತವರು ಇದ್ದಾರೆ. ಅವರೇ ನಮ್ಮ ವಾದಕ್ಕೆ ಜೀವಂತ ಸಾಕ್ಷಿ. ಅವರು ವಾರಕ್ಕೆ ಒಂದು ಗಂಟೆ ಕೊಟ್ಟರೆ ಸಾಕು. ಇದನ್ನು ಯಾವ ಸರಕಾರವೂ ಮಾಡಿಕೊಡಬೇಕಾಗಿಲ್ಲ, ಯಾವ ಸರಕಾರವೂ ತಡೆಯಲಾಗದು.

ನಾವು ಎರಡನೇ ಅಧ್ಯಾಯ ತೆಗೆದುಕೊಂಡಿದ್ದೇವೆ, ಅರ್ಧ ಆಗಿದೆ. 'ಇಂಟರ್‌ಪ್ರಿಟರ್' ಎಂಬುದಕ್ಕೆ ಹಾಗೆಯೇ ಬರೆಯುವುದೋ 'ದುಭಾಷಿ' ಎನ್ನುವುದೋ ಎಂದು ಸ್ಟಾಫ್ ರೂಮಿನಲ್ಲಿ ಎರಡು ದಿನ ಜಗಳ ಆಯಿತು. ಹಿಂದಿ ಟೀಚರ್ ಒಂದು ಪಕ್ಷ, ಗಣಿತದ ಟೀಚರ್ ಇನ್ನೊಂದು. ಎಷ್ಟೋ ಕಾಲದ ಮೇಲೆ ಕನ್ನಡದ ಬಗ್ಗೆ ಒಂದು ಒಳ್ಳೆಯ ಜಗಳ!

ಉಳಿದ ಅಧ್ಯಾಯಗಳು ಹಾಗೇ ಬಿದ್ದಿವೆ. ಯಾರಿಗೆ ಯಾವುದು ಬೇಕು ಎಂದು ಕೆಳಗೆ ತಿಳಿಸಿ. ಒಪ್ಪಿಗೆ ಇಲ್ಲದವರು ಬೈಯಿರಿ, ಅದಕ್ಕೂ ಸ್ವಾಗತ. ಆದರೆ ಇನ್ನೊಂದು ಜೂನ್ ಬರುತ್ತದೆ, ಇನ್ನೊಬ್ಬ ತಂದೆ ಬಂದು ಕಂಪ್ಯೂಟರಿಗೆ ಕನ್ನಡ ಗೊತ್ತುಂಟಾ ಎಂದು ಕೇಳುತ್ತಾರೆ. ಆಗ ನಾವು ತೊದಲುವುದಿಲ್ಲ. ಲ್ಯಾಬಿಗೆ ಕರೆದುಕೊಂಡು ಹೋಗಿ ಎಂಟನೇ ತರಗತಿಯ ಮಗುವಿನ ಪಕ್ಕದಲ್ಲಿ ಕೂರಿಸುತ್ತೇವೆ. 'ಬರೆ' ಎಂದು ಅವಳು ಹೇಳಲಿ, ಅವರೇ ನೋಡಲಿ.

ನೀವೇನಂತೀರಿ?